ಮಂಗಳಗ್ರಹಕ್ಕೆ ಹೊರಟ ವರ

ಆ ಕಥೆ ಓದಿದಾಗ ತಮಿಳುನಾಡಿನ ಕಂಬಂನ ನಮ್ಮ ಮನೆಯ ಜಗುಲಿಯಲ್ಲಿ ಇದ್ದವರು ಮೂರೇ ಜನ. ಓದುವವನು ನಾನು, ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದ ಬೊಮ್ಮಕ್ಕತ್ತೆ, ತೇನಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ಅವರ ಮೊಮ್ಮಗಳು ಕಯಲ್. ದ್ರಾಕ್ಷಿ ವ್ಯಾಪಾರಿಯಾದ ನನಗೆ ಕನ್ನಡ ಬಂದದ್ದು ಅತ್ತೆಯಂಥ ಹಿರಿಯರ ಬಾಯಿಂದ. ಅಕ್ಷರ ಕಲಿತದ್ದು ತಲೆ ನರೆತ ಮೇಲೆ. ಅಂಥವನ ವಿಜ್ಞಾನ ಕಥೆಗೆ ಕನ್ನಡ ಪತ್ರಿಕೆಯೊಂದು "ಸೋಮವಾರದೊಳಗೆ ಕಳಿಸಿ, ನೋಡೋಣ" ಎಂದಿತ್ತು. ಆ "ನೋಡೋಣ"ದಲ್ಲೇ ನಾನು ಅರ್ಧ ಸಾಹಿತಿಯಾಗಿಬಿಟ್ಟಿದ್ದೆ. ನನ್ನ ಹೆಸರು ಕನ್ನಡ ಅಕ್ಷರದಲ್ಲಿ ಅಚ್ಚಾದದ್ದನ್ನು ಒಮ್ಮೆ ನೋಡಿಬಿಡಬೇಕು, ಅಷ್ಟೇ ಆಸೆ.

ಆದರೆ ವಿಜ್ಞಾನ ಕಥೆಯಲ್ಲಿ ವಿಜ್ಞಾನ ಎಷ್ಟು, ಕಥೆ ಎಷ್ಟು? ಸಾರಿಗೆ ಉಪ್ಪು ಹೆಚ್ಚಾದರೆ ನಾಲಿಗೆ ಹೇಳುತ್ತದೆ. ಇದನ್ನು ಹೇಳುವ ಅಂಗ ನನಗಿಲ್ಲ. ಭಯಕ್ಕೆ ಎರಡನ್ನೂ ಧಾರಾಳವಾಗಿ ಸುರಿದಿದ್ದೆ. ಮೊದಲ ಪುಟದಲ್ಲೇ ಅಯಾನು ಎಂಜಿನ್, ಕ್ವಾಂಟಂ ಕವಚ, ಗುರುತ್ವ ಸಂಕೋಚಕ. ಕೊನೆಯದು ಏನೆಂದು ನನ್ನನ್ನು ಕೇಳಬೇಡಿ, ಕಿವಿಗೆ ಚೆನ್ನಾಗಿತ್ತು.

"ಮಾಮಾ, ಅಂಥದ್ದೊಂದು ಇಲ್ಲವೇ ಇಲ್ಲ. ಬೆಳಿಗ್ಗೆ ಹತ್ತಿ ಸಂಜೆಗೆ ಇಳಿಯೋಕೆ ಮಂಗಳಗ್ರಹ ಏನು ಪಕ್ಕದ ಆಂಡಿಪಟ್ಟಿಯಾ?" ಅಂದಳು ಕಯಲ್.

"ಏ ಪುಳ್ಳೆ, ಸುಮ್ನಿರು," ಅತ್ತೆ ಗದರಿದರು. "ಯಂತ್ರ ಎಂಗಾರ ಓಡ್ಲಿ. ಆ ಹುಡ್ಗ ಹುಡ್ಗಿ ಕತೆ ಹೇಳ್ಲಾ."

ನನಗೆ ಹುಮ್ಮಸ್ಸು ಬಂತು. ನೌಕೆ ಏರುವ ಮುಂಚೆ ಕ್ಯಾಪ್ಟನ್ನೂ ಅವನು ಮದುವೆಯಾಗಲಿರುವ ಹುಡುಗಿಯೂ ತಮ್ಮಿಬ್ಬರ ಕುಲದೇವರು ಒಂದೇ ಎಂದು ತಿಳಿದು, ಒಟ್ಟಿಗೆ ಕರ್ಪೂರ ಹಚ್ಚುವ ಭಾಗ ಓದಿದೆ. ಕೇಳಿದವರ ಕಣ್ಣು ಒದ್ದೆಯಾಗಲೆಂದೇ ಬರೆದದ್ದು. ಅತ್ತೆಯ ಕೈ ಅವರೆಕಾಯಿಯ ಮೇಲೆ ನಿಂತುಹೋಯಿತು.

"ಇಬ್ರಿಗೂ ಒಂದೇ ಕುಲದೇವ್ರಾ? ಅಂಗಾದ್ರೆ ಪಂಗಾಳಿ ಅಲ್ವೇನ್ಲಾ!"

ಪಂಗಾಳಿ ಎಂದರೆ ಒಂದೇ ವಂಶದವರು. ನಮ್ಮಲ್ಲಿ ಅಣ್ಣತಂಗಿಯರ ಲೆಕ್ಕ. ನನಗೆ ಹೊಳೆದಿರಲೇ ಇಲ್ಲ.

"ಅವರು ಹೊರಟಿರೋದು ಮಂಗಳಗ್ರಹಕ್ಕೆ, ಅಪ್ಪತ್ತಾ," ಎಂದು ಕಯಲ್ ಅಜ್ಜಿಯನ್ನು ನೋಡಿ ನಕ್ಕಳು.

"ಅಲ್ಲಿಗೋದ್ರೆ ಕುಲ ಉದ್ರೋಗ್ತದಾ?"

ಮರುದಿನ ಕುಳಿತು ಎಂಜಿನ್ನನ್ನೆಲ್ಲ ಕಿತ್ತೆ; ಮದುವೆಮನೆಯ ಜಗಳ ಉಳಿಯಿತು. ಹುಡುಗಿಯನ್ನು ಕಿತ್ತೆ, ಪಂಪ್‌ಸೆಟ್ಟಿನ ಜೊತೆ ಕೊಡುವ ಪುಸ್ತಿಕೆಯಂತಾಯಿತು. ಎರಡನ್ನೂ ಮತ್ತೆ ಸೇರಿಸಿದೆ, ನನಗೇ ಅರ್ಥವಾಗಲಿಲ್ಲ.

ಭಾನುವಾರ ವ್ಯಾಪಾರದ ಮೇಲೆ ಒಡ್ಡನ್‌ಛತ್ರಂ ಮಾರುಕಟ್ಟೆಗೆ ಹೋದಾಗ, ಅಲ್ಲಿ ಟೊಮೇಟೊ ಮಂಡಿ ಇಟ್ಟಿರುವ ನಮ್ಮ ನಂಟ ರಾಮಣ್ಣ ಕೈಹಿಡಿದು ಪಕ್ಕಕ್ಕೆ ಕರೆದ. ಅತ್ತೆ ಫೋನಿನಲ್ಲಿ ಸಂಗತಿ ಹೇಳಿದ್ದರಂತೆ. ಅದು ಕಥೆ ಎನ್ನುವುದೊಂದನ್ನು ಬಿಟ್ಟು.

"ಹುಡ್ಗ ಕ್ಯಾಪ್ಟನಂತೆ, ನೋಡಿದ್ದ ಹೆಣ್ಣು ಪಂಗಾಳಿ ಆಗೋದ್ಲಂತೆ. ನನ್ನ ತಂಗಿ ಮಗ್ಳು ಒಬ್ಳು ಅವ್ಳೆ ಮಚ್ಚಾ, ಬ್ಯಾರೆ ಕುಲ. ಊರಿಗೆ ಎಷ್ಟು ದಿನಕ್ಕೊಂದು ದಪ ಬರ್ತಾನೆ?"

ಅದು ಬರೀ ಕಥೆ ಎಂದುಬಿಡಬೇಕಿತ್ತು. ಆದರೆ ನನ್ನ ಪಾತ್ರವನ್ನು ಇಷ್ಟು ನಂಬಿದವರು ಯಾರೂ ಇರಲಿಲ್ಲ, ಮನಸ್ಸು ಬರಲಿಲ್ಲ. ಉತ್ತರವೂ ಗೊತ್ತಿರಲಿಲ್ಲ. ಕ್ರೇಟುಗಳ ಹಿಂದೆ ಹೋಗಿ ಕಯಲ್‌ಗೆ ಫೋನ್ ಮಾಡಿದೆ. ಅವಳು ಕಕ್ಷೆ, ವೇಗ, ಇಂಧನ ಎಂದು ಬಹಳ ಹೊತ್ತು ವಿವರಿಸಿದಳು.

"ಎರಡು ವರ್ಷಕ್ಕೊಮ್ಮೆ ಬಂದರೆ ಹೆಚ್ಚು," ಎಂದು ರಾಮಣ್ಣನಿಗೆ ಹೇಳಿದೆ. ಅವನ ಮುಖ ಸಪ್ಪಗಾಯಿತು. "ಬ್ಯಾಡ ಮಚ್ಚಾ. ಹುಡ್ಗಿ ಒಬ್ಳೇ ಇರ್ಬೇಕಾಗ್ತದೆ."

ಸೋಮವಾರ ಬೆಳಿಗ್ಗೆ ನೌಕೆಯನ್ನು ಚಂದ್ರನ ಕಡೆ ತಿರುಗಿಸಿ, ಕಥೆಯನ್ನು ಪತ್ರಿಕೆಗೆ ಕಳಿಸಿದೆ. ಕಳಿಸುವ ಮೊದಲು ರಾಮಣ್ಣನಿಗೆ ಫೋನ್ ಮಾಡಿ, ಹುಡುಗನಿಗೆ ಹತ್ತಿರಕ್ಕೆ ವರ್ಗವಾಗಿದೆ ಎಂದು ತಿಳಿಸಿದೆ.