ರೋಹಿಣಿ ಕಾಣದ ರೋಹಿಣಿ ಮಳೆ

ಮಕ್ಕಳೇ, ಗೊತ್ತಿದ್ದದ್ದನ್ನು ಹೇಳದೆ ಸುಮ್ಮನಿರುವುದು ಬಹಳ ಕಷ್ಟದ ಕೆಲಸ. ನನ್ನಂಥ ನಾಚಿಕೆಯವಳಿಗೂ ಒಮ್ಮೆ ಅದು ಸಾಧ್ಯವಾಗದೆ, ಇಡೀ ಮನೆ ಹೋಳಿಗೆಯ ಮುಂದೆ ಹಸಿದು ಕೂರಬೇಕಾಯಿತು.

ಕುಷ್ಟಗಿಯ ಕಡೆಗೆ ಸೊಸೆಯಾಗಿ ಬಂದ ಹೊಸತು. ನಮ್ಮೂರ ಗಾವಠಿ ಸಾಲೆಯಲ್ಲಿ ಕಲಿತದ್ದರಲ್ಲಿ ನಕ್ಷತ್ರಗಳ ಹೆಸರಷ್ಟೇ ನೆನಪಿತ್ತು; ಉಳಿದದ್ದೆಲ್ಲ ಅಯ್ಯನವರ ಬೆತ್ತಕ್ಕೆ ಹೆದರಿ ಓಡಿಹೋಗಿತ್ತು. ಚಳಿಗಾಲದ ಒಂದು ಸಂಜೆ ಮಾಳಿಗೆಯ ಮೇಲೆ ನಾದಿನಿಯರಿಗೆ ಕೆಂಪಗೆ ಮಿನುಗುವ ರೋಹಿಣಿಯನ್ನು ತೋರಿಸಿಬಿಟ್ಟೆ. ಸುದ್ದಿ ಅತ್ತೆಯವರ ಕಿವಿಗೂ ಬಿತ್ತು. ಬೇಸಿಗೆಯಲ್ಲಿ ಅವರು ಹರಕೆ ಹೊತ್ತರು: ರೋಹಿಣಿ ಮಳೆ ಚೆನ್ನಾಗಿ ಬಿದ್ದರೆ ರೋಹಿಣಿ ಚುಕ್ಕಿಗೆ ಹೋಳಿಗೆಯ ಎಡೆ; ಆ ಚುಕ್ಕಿಯನ್ನು ಕಣ್ಣಾರೆ ಕಂಡ ಮೇಲೆಯೇ ಮನೆಯವರ ಊಟ.

ಮಳೆ ಧಾರಾಳವಾಗಿ ಬಿತ್ತು. ಮರುದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಸಂಜೆ ಚುಕ್ಕಿಗಳು ಮೂಡುತ್ತಲೇ ಅತ್ತೆ ಆರತಿ ತಟ್ಟೆ ಹಿಡಿದು ಮಾಳಿಗೆಗೆ ಬಂದರು.

“ಎಲ್ಲೈತವಾ ನಿನ್ನ ರೋಹಿಣಿ?”

ಪೂರ್ವಕ್ಕೆ ನೋಡಿದೆ, ನೆತ್ತಿಗೆ ನೋಡಿದೆ, ಪಶ್ಚಿಮಕ್ಕೂ ನೋಡಿದೆ.

“ಕಾಣವಲ್ದ್ರೀ ಅತ್ತಿ.”

“ರೋಹಿಣಿ ಮಳಿ ಬಂತು, ರೋಹಿಣಿ ಬರಲಿಲ್ಲಂದ್ರ ಹೆಂಗ? ಬೀಗರು ಬಂದಾರ, ಮದುಮಗಳು ಬಂದಿಲ್ಲ ಅಂದಂಗಾತು!”

ಸಣ್ಣ ನಾದಿನಿ ನನ್ನ ಸೆರಗು ಜಗ್ಗಿ ಪಿಸುಗುಟ್ಟಿದಳು: “ವೈನಿ, ಯಾವುದಾರ ಒಂದು ತೋರಸ್ರಿ. ಹೊಟ್ಟಿ ಹಸದೈತಿ.”

ಅಷ್ಟರಲ್ಲಿ ನಿಮ್ಮ ಅಜ್ಜ ಕಂದೀಲು ಹಿಡಿದು ಮೇಲೆ ಬಂದರು. ಅವರು ಕೊಪ್ಪಳದಲ್ಲಿ ಓದಿದವರು. ಆದರೆ ಹಿರಿಯರ ಮುಂದೆ ಹೆಂಡತಿಯೊಡನೆ ಮಾತಾಡುವ ಹಾಗಿರಲಿಲ್ಲ. ಕಂದೀಲನ್ನು ಅತ್ತೆಯ ಕೈಗೆ ಕೊಟ್ಟು ನಡುವೆ ಕೂರಿಸಿದರು. “ಅವ್ವಾ, ನೀ ಸೂರ್ಯ. ನಿನ್ನ ಸೊಸಿ ಭೂಮಿ. ನಿನ್ನ ಸುತ್ತ ತಿರಗಂತ ಆಕಿಗೆ ಹೇಳು.” ಸಣ್ಣ ನಾದಿನಿಯನ್ನು ರೋಹಿಣಿಯೆಂದು ಮಾಳಿಗೆಯ ಅಂಚಿಗೆ ನಿಲ್ಲಿಸಿದರು.

ಸೆರಗು ಹೊದ್ದು ಭೂಮಿ ಹೊರಟಿತು. ಕಂದೀಲಿಗೆ ಬೆನ್ನು ಮಾಡಿದರೆ ರಾತ್ರಿ, ಮುಖ ಮಾಡಿದರೆ ಹಗಲು. ಮೊದಲು ನನ್ನ ರಾತ್ರಿಯಲ್ಲಿ ನಾದಿನಿ ಎದುರಿಗೇ ಇದ್ದಳು. ಅರ್ಧ ಸುತ್ತು ಬಂದೆ. ಅವಳು ಅತ್ತೆಯ ಬೆನ್ನಿನಾಚೆ ಬಿದ್ದಳು, ಕಂದೀಲಿನ ಬೆಳಕಿಗೆ ಮುಖವೇ ಕಾಣದು.

“ನೋಡವ್ವಾ, ಈಗ ರೋಹಿಣಿ ಹಗಲೆಲ್ಲ ಸೂರ್ಯನ ಜೋಡಿ ಅದಾಳ. ಅದಕ್ಕ ಇದು ರೋಹಿಣಿ ಮಳಿ. ಅದಕ್ಕ ಆಕಿ ಕಾಣಂಗಿಲ್ಲ.”

ಅತ್ತೆ ಯೋಚಿಸಿದರು. “ಅಂದ್ರ ಸೂರ್ಯ ಕುಂತಲ್ಲೇ ಕುಂದ್ರೂದು, ಭೂಮಿ ಸುತ್ತ ತಿರಗೂದು?”

“ಹೌದವ್ವಾ.”

ನನ್ನ ಕಡೆ ನೋಡಿದರು. “ಭಾಳ ಛಲೋ ಶಾಸ್ತ್ರ ಐತಿ! ಮದಲ ಯಾಕ ಹೇಳಲಿಲ್ಲೋ?”

“ಹರಕಿ ಏನ್ಮಾಡೂದಬೇ?” ರೋಹಿಣಿ ಅಳುವ ದನಿಯಲ್ಲಿ ಕೇಳಿದಳು.

“ಹೊತ್ತು ಮುಳುಗೂದನ್ನ ನಾ ನೋಡೀನಿ. ಆಕಿ ಅವನ ಹಿಂದನ ಇದ್ದಮ್ಯಾಲ ಆಕಿನ್ನೂ ನೋಡ್ದಂಗಾತು. ಎಡಿ ಹಿಡೀರಿ!”

ಪಶ್ಚಿಮಕ್ಕೆ ಆರತಿ ಆಯಿತು. ಸೂರ್ಯ ಊಟಕ್ಕೆ ಕೂತ, ಚುಕ್ಕಿಗಳು ಕೂತವು, ಬಡಿಸುತ್ತ ಸುತ್ತಿದ್ದು ಭೂಮಿಯೇ. ಕೊನೆಗೆ ಅತ್ತೆ ನನ್ನನ್ನು ತಮ್ಮ ಮಗ್ಗುಲಲ್ಲಿ ಕೂರಿಸಿಕೊಂಡು, “ಸಾಕು ತಿರಗಿದ್ದು, ಉಣ್ಣು” ಎಂದು ತಾವೇ ತುಪ್ಪ ಸುರಿದರು. ನಾಚಿಕೆಯನ್ನು ಬದಿಗಿಟ್ಟು ಹೊಟ್ಟೆ ಬಿರಿಯುವಂತೆ ಉಂಡೆ. ಶಾಸ್ತ್ರ ಏನಾದರೂ ಹೇಳಲಿ, ಮರುದಿನ ಮಧ್ಯಾಹ್ನದವರೆಗೆ ನಮ್ಮ ಮನೆಯ ಭೂಮಿ ತಿರುಗಲಿಲ್ಲ.