ಫೋನು ಕಿತ್ತುಕೊಂಡ ನನ್ನ ಹುದ್ದೆ

ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆ ಕಟ್ಟಿದವರು ಚಳ್ಳಕೆರೆಯಲ್ಲಿ ಗಾಡಿ ರಿಪೇರಿ ಅಂಗಡಿ ಇಟ್ಟವರಂತೂ ಅಲ್ಲ. ಇಲ್ಲಿ ಮೂರು ಮಾತು ಬಲ್ಲವನಿಗೆ ದಿನಕ್ಕೊಂದು ಪಂಚಾಯ್ತಿ ತಪ್ಪಿದ್ದಲ್ಲ. ನನಗೆ ಮನೆಯಲ್ಲಿ ಉರ್ದು, ಬಜಾರಿನಲ್ಲಿ ಕನ್ನಡ, ಮೊಳಕಾಲ್ಮುರು ಕಡೆಯ ಗಿರಾಕಿ ಬಂದರೆ ತೆಲುಗು. ಉರ್ದು ಬಂದವನಿಗೆ ಹಿಂದಿ ಬೇರೆ ಕಲಿಯಬೇಕಾಗಿಲ್ಲ.

ಕುದಾಪುರದ ಹುಲ್ಲುಗಾವಲಲ್ಲಿ ವಿಜ್ಞಾನ ಸಂಸ್ಥೆಗಳ ದೊಡ್ಡ ದೊಡ್ಡ ಕ್ಯಾಂಪಸ್‌ಗಳು ಎದ್ದಮೇಲೆ ಎಲ್ಲೆಲ್ಲಿಯ ಜನವೋ ನಮ್ಮೂರಿಗೆ ಬಂದರು. ಅವರಿಗೂ ನಮ್ಮವರಿಗೂ ನಡುವೆ ಸೇತುವೆ ನಾನೇ. ಬಾಡಿಗೆ ಮನೆಯ ಮಾತಿರಲಿ, ಹಾಲಿನವನ ತಕರಾರಿರಲಿ, "ಸಾಬ್ರನ್ನ ಕರೀರಿ" ಅನ್ನುತ್ತಿದ್ದರು. ನಾನು ಕೈಯ ಗ್ರೀಸ್ ಒರೆಸಿಕೊಂಡು ಗಂಭೀರವಾಗಿ ಹೋಗುತ್ತಿದ್ದೆ. ಕೆಲಸ ಮುಗಿದಮೇಲೆ ಒಂದು ಟೀ, ಒಂದು ಪೊಟ್ಟಣ ಮಂಡಕ್ಕಿ, ಎರಡು ಮೆಣಸಿನಕಾಯಿ ಬಜ್ಜಿ. ಸಂಬಳವಿಲ್ಲದ ಹುದ್ದೆ, ಆದರೆ ಮರ್ಯಾದೆ ಭರ್ತಿ ಇತ್ತು. ಆ ಹುದ್ದೆ ಹೇಗೆ ಹೋಯಿತು, ಹೇಗೆ ತಿರುಗಿ ಬಂತು ಅನ್ನುವುದೇ ಈ ಕಥೆ.

ಊಟ ಆತಾ?

ನನ್ನ ಅಂಗಡಿಯ ಎದುರಿಗೆ ಟೀ ಅಂಗಡಿ ಇಟ್ಟವನು ನನ್ನ ಬಾಲ್ಯದ ಗೆಳೆಯ. ಅವನು ಹೊಸ ಫೋನು ಕೊಂಡ. ಅದರಲ್ಲಿ ಭಾಷೆ ತರ್ಜುಮೆ ಮಾಡುವ ಒಂದು ಆ್ಯಪ್ ಇತ್ತು. ನಾವು ಕನ್ನಡದಲ್ಲಿ ಹೇಳಿದರೆ ಅದು ಬೇಕಾದ ಭಾಷೆಯಲ್ಲಿ ಹೇಳುತ್ತದೆ, ಅವರು ಹೇಳಿದ್ದನ್ನು ಕನ್ನಡದಲ್ಲಿ ನಮಗೆ ಹೇಳುತ್ತದೆ.

ಒಂದು ದಿನ ಬೆಳಿಗ್ಗೆ ಕೇರಳದ ಒಬ್ಬ ಮನುಷ್ಯ ಅವಸರದಲ್ಲಿ ಬಂದು ಏನೋ ಕೇಳಿದ. ನಾನು ಅಭ್ಯಾಸಬಲದಿಂದ ಕೈ ಒರೆಸಿಕೊಂಡು ಎದ್ದೆ. ಗೆಳೆಯ ಕೈಸನ್ನೆ ಮಾಡಿ ನನ್ನನ್ನು ಕೂರಿಸಿ ಫೋನು ಮುಂದೆ ಹಿಡಿದ. ಮೊಳಕಾಲ್ಮುರಿನ ಬಸ್ಸು ಎಲ್ಲಿ ನಿಲ್ಲುತ್ತದೆ ಅನ್ನುವುದಷ್ಟೇ ಆ ಮನುಷ್ಯನ ಪ್ರಶ್ನೆ.

ಆದರೆ ನಮ್ಮ ಕಡೆ ದಾರಿ ಕೇಳಿದವನಿಗೆ ಬರೀ ದಾರಿ ಹೇಳಿ ಕಳಿಸುವುದು ಅಂದರೆ ಮನೆಗೆ ಬಂದವನನ್ನು ಹೊಸ್ತಿಲಲ್ಲೇ ನಿಲ್ಲಿಸಿದ ಹಾಗೆ. ಗೆಳೆಯ ಫೋನಿಗೆ ಬಾಯಿಟ್ಟು ಕ್ರಮವಾಗಿ ಶುರು ಮಾಡಿದ. "ಊಟ ಆತಾ?" "ಯಾವೂರು?" "ಮದ್ವೆ ಆಗೈತಾ?" "ಮಕ್ಳೆಷ್ಟು?" "ಅಪ್ಪ ಅವ್ವ ಚೆನ್ನಾಗಿದಾರಾ?" "ಅವ್ರನ್ನ ಯಾಕೆ ಕರ್ಕಂಡು ಬಂದಿಲ್ಲ?" "ನಮ್ಮ ನೀರು ಒಗ್ಗೈತಾ?" ಫೋನಿಗೆ ತಿಳಿಯದ್ದನ್ನು ಪುಸ್ತಕದ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದ.

ಮೊದಲೆರಡು ಪ್ರಶ್ನೆಗೆ ಆ ಮನುಷ್ಯ ಗಡಿಯಾರ ನೋಡಿದ. ಮೂರನೆಯದಕ್ಕೆ ಬೆಂಚಿನ ತುದಿಗೆ ಕೂತ. ಏಳನೆಯದರ ಹೊತ್ತಿಗೆ ಚೀಲ ಕೆಳಗಿಟ್ಟು, ಕಣ್ಣು ಒರೆಸಿಕೊಂಡು, ಫೋನಿನ ಮೂಲಕ ಹೇಳಿದ: "ಈ ಊರಿಗೆ ಬಂದು ಒಂದೂವರೆ ತಿಂಗಳಾಯಿತು. ಊಟ ಆಯಿತೇ ಎಂದು ಕೇಳಿದವರು ನೀವೇ ಮೊದಲು." ಅವನು ಎರಡು ಟೀ ಕುಡಿದು ಮಗಳ ಫೋಟೋ ತೋರಿಸಿದ. ಅಷ್ಟರಲ್ಲಿ ಮೊಳಕಾಲ್ಮುರಿನ ಬಸ್ಸು ನಮ್ಮೆದುರಿಗೇ ಬಂದು, ನಿಂತು, ಹಾರನ್ ಹೊಡೆದು ಹೋಯಿತು. ಅವನು ಅದಕ್ಕೆ ಕೈಬೀಸಿದ.

"ನೋಡಿದ್ಯೇನ್ಲೇ ಭಾಯ್," ಅಂದ ಗೆಳೆಯ ನನ್ನ ಕಡೆ ತಿರುಗಿ. "ನೀನಾಗಿದ್ರೆ ಬಸ್ ಅಲ್ಲೈತೆ ಅಂತ ಕೈ ತೋರ್ಸಿ ಕಳಿಸ್ಬಿಡ್ತಿದ್ದೆ."

ಮಂಡಕ್ಕಿ ಅವತ್ತಿಂದ ನಿಂತುಹೋಯಿತು.

ಹೆಂಡತಿಯ ಪರೀಕ್ಷೆ

ಮನೆಯಲ್ಲಿ ಈ ದುಃಖ ತೋಡಿಕೊಂಡರೆ ಹೆಂಡತಿಗೆ ಖುಷಿಯೇ ಆಯಿತು. ಊಟದ ತಟ್ಟೆ ಮುಂದಿಟ್ಟಾಗಲೇ ಯಾರಾದರೂ ಬಂದು ನನ್ನನ್ನು ಪಂಚಾಯ್ತಿಗೆ ಎಬ್ಬಿಸಿಕೊಂಡು ಹೋಗುತ್ತಿದ್ದರಲ್ಲ, ಆ ಸಿಟ್ಟು ಅವಳಿಗೆ ಮೊದಲಿಂದಲೂ ಇತ್ತು. "ಅಂಥಾ ಏನಿದೆ ಅದರಲ್ಲಿ, ನೋಡೇ ಬಿಡ್ತೀನಿ" ಅಂತ ಮಗಳ ಫೋನು ತಗೊಂಡು ನಮ್ಮ ಮನೆಯ ಉರ್ದುವಿನಲ್ಲಿ ನಾಲ್ಕು ಮಾತಾಡಿದಳು. ಫೋನಿಗೆ ಒಂದೂ ತಿಳಿಯಲಿಲ್ಲ. "ಅಮ್ಮೀ, ಟಿವಿಯಲ್ಲಿ ಮಾತಾಡೋ ಥರ ಮಾತಾಡು" ಅಂದಳು ಮಗಳು.

ಹೆಂಡತಿ ನೆಟ್ಟಗೆ ಕೂತು, ಸೆರಗು ತಲೆಮೇಲೆ ಎಳೆದುಕೊಂಡು, ಧಾರಾವಾಹಿಯ ಅತ್ತೆಯಂತೆ ಗತ್ತಿನಲ್ಲಿ, ಇಪ್ಪತ್ತೆರಡು ವರ್ಷದಿಂದ ಕೂಡಿಟ್ಟದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ನಾನು ತಲೆ ತಗ್ಗಿಸಿದೆ. ಫೋನು ಒಂದು ಕ್ಷಣ ಯೋಚಿಸಿ ಶುದ್ಧ ಕನ್ನಡದಲ್ಲಿ ಹೇಳಿತು: "ತಾವು ದಯವಿಟ್ಟು ಎಣ್ಣೆಯ ಬಟ್ಟೆಗಳನ್ನು ಸ್ನಾನದ ಮನೆಯಲ್ಲಿ ಇಡಬಾರದು. ತಮಗೆ ಊರಿನ ಚಿಂತೆ ಇದೆ, ಮನೆಯ ಚಿಂತೆ ಇಲ್ಲ. ತಮ್ಮನ್ನು ಮದುವೆಯಾದದ್ದು ನನ್ನ ತಂದೆಯವರ ತಪ್ಪು."

ಮದುವೆಯಾದ ಮೇಲೆ ಬೈಗುಳ ಇಷ್ಟು ಮರ್ಯಾದೆಯಿಂದ ಕಿವಿಗೆ ಬಿದ್ದದ್ದು ಅದೇ ಮೊದಲು. ನನಗೆ ಫೋನಿನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. "ಇನ್ಮೇಲೆ ಬೈಯೋದಿದ್ರೆ ಇದರಲ್ಲೇ ಬೈ" ಅಂದೆ.

ಅವಳು ಫೋನು ಮಗಳ ಕೈಗೆ ಕೊಟ್ಟಳು. "ನಕ್ಕೋ, ಬೇಡ. ಇದರಲ್ಲಿ ಬೈದ್ರೆ ಹೊಟ್ಟೆ ತುಂಬಲ್ಲ."

ಸಿದ್ದಾಪುರದ ಮಹಾರಾಜರು

ಸಿದ್ದಾಪುರದ ಬೆಟ್ಟದ ಕೆಳಗೆ ಒಂದು ವ್ಯಾನು ಕೆಟ್ಟು ನಿಂತಿದೆ, ಬಾ ಅಂತ ಕರೆ ಬಂತು. ಹೋದೆ. ಅಶೋಕ ಬರೆಸಿದ ಬಂಡೆ ನೋಡಲು ಯಾವುದೋ ದೂರದ ದೇಶದಿಂದ ಐದು ಜನ ಬೌದ್ಧ ಸನ್ಯಾಸಿಗಳು ಬಂದಿದ್ದರು. ನಾನು ವ್ಯಾನಿನ ಕೆಳಗೆ ಮಲಗಿ ಕೇಬಲ್ ನೋಡುತ್ತಿದ್ದೆ. ಅವರಲ್ಲಿ ಹಿರಿಯರೊಬ್ಬರು ಅದೇ ಆ್ಯಪ್ ಹಿಡಿದು ಅಲ್ಲಿದ್ದ ಕುರಿ ಕಾಯುವವನನ್ನು ದಾರಿ ಕೇಳುತ್ತಿದ್ದರು.

"ಆ ಗುಂಡಿನ ಮಗ್ಗಲಾಗೆ ಹಂಗೇ ಹೋಗಿ ಎಡಕ್ಕೆ ತಿರುಗ್ರಿ, ಅಲ್ಲೇ ಐತೆ" ಅಂದ ಅವನು. ಫೋನಿನ ಮೇಲೆ ಒಂದು ಚಕ್ರ ಗಿರಗಿರ ತಿರುಗಿತು, ಮಾತು ಬರಲಿಲ್ಲ. ಅವನು ಇನ್ನೂ ಜೋರಾಗಿ ಹೇಳಿದ. ಚಕ್ರ ಇನ್ನೂ ತಿರುಗಿತು. ಹಳೇ ಹುದ್ದೆಯ ಆಸೆಯಿಂದ ನಾನು ವ್ಯಾನಿನ ಕೆಳಗಿಂದ ಹೊರಬಂದು ಹೇಳಿದೆ. ನನ್ನ ಬಾಯಲ್ಲೂ ಬರುವುದು "ಐತೆ"ಯೇ ತಾನೆ? ಫೋನು ನನಗೂ ಮರ್ಯಾದೆ ಕೊಡಲಿಲ್ಲ.

ಆಗ ಕಟ್ಟೆಯ ಮೇಲೆ ಊರವರ ಜೊತೆ ಕೂತಿದ್ದ ಒಬ್ಬ ಅಜ್ಜ ಎದ್ದು ಬಂದ. ನಲವತ್ತು ವರ್ಷ ಊರ ನಾಟಕಗಳಲ್ಲಿ ರಾಜನ ಪಾರ್ಟು ಮಾಡಿ ಮಾಡಿ, ಅವನ ಮನೆಮಾತೂ ಹಾಗೇ ಆಗಿಬಿಟ್ಟಿತ್ತು. ರೇಷನ್ ಅಂಗಡಿಯಲ್ಲೂ "ಎಲೈ ವರ್ತಕನೇ" ಅನ್ನುವವನು ಅಂತ ಊರವರೆಲ್ಲ ಆಡಿಕೊಳ್ಳುತ್ತಿದ್ದರು. ಅಜ್ಜ ಹೆಗಲ ಟವೆಲ್ ಸರಿಮಾಡಿಕೊಂಡು, ಕೋಲನ್ನು ರಾಜದಂಡದ ಹಾಗೆ ನೆಲಕ್ಕೂರಿ, ಫೋನಿಗೆ ಹೇಳಿದ:

"ಎಲೈ ದೂರದೇಶದ ಅತಿಥಿಗಳಿರಾ, ಲಾಲಿಸಿರಿ. ಈ ದೊಡ್ಡ ಬಂಡೆಯ ಪಕ್ಕದಲ್ಲಿ ನಡೆದು, ಎಡಗಡೆಗೆ ತಿರುಗಿದರೆ, ಚಕ್ರವರ್ತಿಯು ಬರೆಸಿದ ಶಿಲೆಯು ನಿಮ್ಮ ಕಣ್ಣಿಗೆ ಗೋಚರಿಸುವುದು."

ಫೋನು ತಡಮಾಡದೆ ಗಂಟೆ ಹೊಡೆದಂತೆ ತರ್ಜುಮೆ ಹೇಳಿತು. ಐದೂ ಜನ ಸನ್ಯಾಸಿಗಳು ಅಜ್ಜನಿಗೆ ಬಗ್ಗಿ ಕೈಮುಗಿದರು. ಅಜ್ಜ ಸ್ವಲ್ಪವೂ ಗಲಿಬಿಲಿಯಾಗದೆ ಬಲಗೈ ಎತ್ತಿ ಆಶೀರ್ವಾದ ಮಾಡಿದ. ಆಡಿಕೊಳ್ಳುತ್ತಿದ್ದವರು ಆ ಹೊತ್ತಿಗೆ ಆಡಿಕೊಳ್ಳುವುದನ್ನು ಮರೆತಿದ್ದರು. ನನಗೂ ಹೊಟ್ಟೆಕಿಚ್ಚಿನ ನಡುವೆ ಸಂತೋಷವೇ ಆಯಿತು.

ಅವರು ಬೆಟ್ಟ ಹತ್ತಿದಮೇಲೆ ಅಜ್ಜ ನನ್ನ ಪಕ್ಕ ಕೂತು ನಿಟ್ಟುಸಿರು ಬಿಟ್ಟ. "ನಲವತ್ತು ವರ್ಷಗಳ ಮೇಲೆ ನನ್ನ ಕನ್ನಡವನ್ನು ಅರಿಯುವವನೊಬ್ಬನು ದೊರೆತನು. ಅವನೂ ಮನುಷ್ಯನಲ್ಲ."

ನಾಯಕನಹಟ್ಟಿ ದೇವರ ಹೆಸರು

ಇಷ್ಟು ಹೊತ್ತೂ ನನ್ನ ಟೀ ಅಂಗಡಿ ಗೆಳೆಯನ ಹೆಸರು ಹೇಳದೆ ಬಂದಿದ್ದೇನೆ. ಅದನ್ನು ಇಲ್ಲಿಗೆ ಅಂತಲೇ ಉಳಿಸಿಕೊಂಡಿದ್ದೆ.

ಕುದಾಪುರದ ಒಂದು ಕ್ಯಾಂಪಸ್ಸಿನಲ್ಲಿ ಗಿಡಗಳಿಗೆ ನೀರು ಹಾಕಿ ಕಳೆ ಕೀಳುವುದಕ್ಕೆ ಹೆಂಗಸರು ಬೇಕಾಗಿದ್ದರು. ವರ್ಷಪೂರ್ತಿ ಸಿಗುವ ಕೆಲಸ. ಗೆಳೆಯನ ಹೆಂಡತಿ ಮತ್ತು ಅವಳ ಓಣಿಯ ಇಬ್ಬರು ಗೆಳತಿಯರಿಗೆ ಕರೆ ಬಂತು. ಆದರೆ ಅವತ್ತು ಮಧ್ಯಾಹ್ನ ಹನ್ನೆರಡರೊಳಗೆ ಗೇಟಿನಲ್ಲಿ ಪಾಸ್ ಮಾಡಿಸಿಕೊಳ್ಳಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರ ಪಾಲು. ಹನ್ನೊಂದೂಕಾಲಿಗೆ ಹೆಂಡತಿ ಗೆಳೆಯನಿಗೆ ಫೋನು ಮಾಡಿದಳು: "ಪಾಸ್ ಕೊಡವಲ್ರು, ಜಲ್ದಿ ಬರ್ರಿ."

ಅವನ ಗಾಡಿ ನನ್ನ ಅಂಗಡಿಯಲ್ಲಿ ಬಿಚ್ಚಿಬಿದ್ದಿತ್ತು. ಹಾಗಾಗಿ ನನ್ನ ಗಾಡಿಯ ಹಿಂದೆ ಹತ್ತಿದ. "ಬಂದು ಮಾತಾಡ್ಲಾ?" ಅಂದೆ. ಜೇಬಿನ ಫೋನು ತಟ್ಟಿಕೊಂಡು ಹೇಳಿದ, "ನೀನು ಗಾಡಿ ಓಡ್ಸು ಸಾಕು. ಬಾಯಿ ಓಡ್ಸಬ್ಯಾಡ."

ಸರಿ ಅಂತ ಬಾಯಿಗೆ ಬೀಗ ಹಾಕಿಕೊಂಡೆ.

ಗೇಟಿನಲ್ಲಿ ನಡೆದದ್ದು ಇಷ್ಟು. ಪಾಸ್ ಬರೆಯುವವನು ಉತ್ತರದ ಕಡೆಯ ದೊಡ್ಡ ಮೀಸೆಯ ಕಾವಲುಗಾರ. ಹೊಸಬ, ಒಳ್ಳೆಯವನೇ. ಅವನೂ ಆ್ಯಪ್ ಇಟ್ಟುಕೊಂಡು ಮೊದಲನೆಯವಳನ್ನು, ಅಂದರೆ ಗೆಳೆಯನ ಹೆಂಡತಿಯನ್ನು, ಗಂಡನ ಹೆಸರು ಕೇಳಿದ್ದಾನೆ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದಂತೆ. ಅಂಥ ಹೊತ್ತಿನಲ್ಲಿ ಪಕ್ಕದವಳು ಹೇಳಿಬಿಡುತ್ತಾಳೆ, ಕೆಲಸ ಸಲೀಸು. ಆದರೆ ಅವತ್ತು ಪಕ್ಕದವಳ ಗಂಡನಿಗೂ ಅದೇ ಹೆಸರು. ಅವಳೂ ಹೇಳುವಹಾಗಿಲ್ಲ. ಆಚೆ ಪಕ್ಕದವಳ ಗಂಡನಿಗೂ ಅದೇ. ಅವರ ಆಧಾರ್ ಕಾರ್ಡುಗಳಲ್ಲಿ ನೋಡೋಣ ಅಂದರೆ ಮೂರರಲ್ಲೂ ಇನ್ನೂ ಅಪ್ಪಂದಿರ ಹೆಸರುಗಳೇ ಇದ್ದವು.

ಕೊನೆಗೆ ಮೊದಲನೆಯವಳು, "ನಾಯಕನಹಟ್ಟಿ ದೇವ್ರ ಹೆಸ್ರು" ಅಂದಳು. ನಮ್ಮ ಸೀಮೆಯಲ್ಲಿ ಮಗುವಿಗೂ ಅಷ್ಟು ಹೇಳಿದರೆ ಸಾಕು. ಎರಡನೆಯವಳು "ನಂದೂ ಅದೇ" ಅಂದಳು. ಮೂರನೆಯವಳು "ನಂದೂ" ಅಂದಳು. ಫೋನು ಎಲ್ಲವನ್ನೂ ಚಾಚೂತಪ್ಪದೆ ಹಿಂದಿಯಲ್ಲಿ ಹೇಳಿತು. ಕಾವಲುಗಾರ ಪೆನ್ನು ಕೆಳಗಿಟ್ಟ. ಮೂರು ಹೆಂಗಸರು, ಒಬ್ಬ ಗಂಡ, ಅವನೂ ದೇವರು. ಇಂಥದ್ದಕ್ಕೆ ಪಾಸ್ ಕೊಟ್ಟರೆ ತನ್ನ ಕೆಲಸ ಹೋಗುತ್ತದೆ ಅಂತ ಅವನಿಗೆ ಭಯವಾಗಿತ್ತು.

ನಾವು ಮುಟ್ಟಿದಾಗ ಹನ್ನೆರಡಕ್ಕೆ ಇಪ್ಪತ್ತು ನಿಮಿಷ. ಗೆಳೆಯ ಎದೆಯುಬ್ಬಿಸಿ ಹೋಗಿ ಹೆಂಡತಿಯನ್ನು ತೋರಿಸಿ ಫೋನಿಗೆ ಹೇಳಿದ, "ನಾನು ಇವಳ ಗಂಡ. ನನ್ನ ಹೆಸರು ತಿಪ್ಪೇಸ್ವಾಮಿ." ಕಾವಲುಗಾರನ ಮುಖ ಅರಳಿತು. ಬರೆದುಕೊಂಡು ಎರಡನೆಯವಳ ಕಡೆ ತಿರುಗಿದ. ಗಂಡನ ಹೆಸರು?

ಅವಳಿಗೆ ಈಗ ದಾರಿ ಸಿಕ್ಕಿತ್ತು. ನಾಚಿಕೊಳ್ಳುತ್ತಾ ನನ್ನ ಗೆಳೆಯನ ಕಡೆ ಬೆರಳು ಮಾಡಿದಳು. "ಇವ್ರೇ ಹೇಳಿದ್ರಲ್ಲ." ಮೂರನೆಯವಳೂ ಅವನ ಕಡೆಗೇ ಬೆರಳು ಮಾಡಿದಳು.

ಕಾವಲುಗಾರ ಎದ್ದು ಬಂದು ಗೆಳೆಯನ ರಟ್ಟೆ ಹಿಡಿದ. ದೇವರು ಸಿಕ್ಕಿಬಿದ್ದಿದ್ದ.

ಗೆಳೆಯ ಗಾಬರಿಯಲ್ಲಿ ಫೋನಿಗೆ ಕೂಗಿದ, "ಅಲ್ರೀ, ಬಿಡ್ರೀ, ಒಬ್ಳೇ ನನ್ನಾಕಿ, ಉಳಿದೋರು ಬ್ಯಾರೇರ ಹೆಂಡ್ರು, ಹೆಸ್ರು ಒಂದೇ ಐತೆ ಅಷ್ಟೇಯ." ಗಾಬರಿಯಾದ ಮನುಷ್ಯನಿಗೆ ಪುಸ್ತಕದ ಕನ್ನಡ ಎಲ್ಲಿಂದ ಬರಬೇಕು? ಫೋನಿನ ಮೇಲೆ ಚಕ್ರ ಗಿರಗಿರ ತಿರುಗಿತು. ತಿರುಗುತ್ತಲೇ ಇತ್ತು.

ಅವನು ನನ್ನ ಕಡೆ ನೋಡಿದ. ನಾನು ಗಾಡಿಯ ಮೇಲೆ ಕೂತು ಬೆಟ್ಟ ನೋಡುತ್ತಿದ್ದೆ.

"ಲೇ ಭಾಯ್, ಹೇಳಲೇ."

"ಬಾಯಿ ಓಡ್ಸಬ್ಯಾಡ ಅಂದಿದ್ಯಲ್ಲಾ."

"ತೆಪ್ಪಾತು ಕಣಲೇ. ಟೀ ಕೊಡ್ತೀನಿ."

"ಮಂಡಕ್ಕಿ?"

"ಮೆಣಸಿನಕಾಯಿ ಸಮೇತ ಕೊಡ್ತೀನಿ, ಹೇಳಲೇ ಮಾರಾಯ."

ಇನ್ನೂ ಸ್ವಲ್ಪ ಆಟ ಆಡಿಸುವ ಆಸೆಯಿತ್ತು. ಆದರೆ ಅವನ ಹೆಂಡತಿ ಗೇಟಿನ ಗಡಿಯಾರ ನೋಡಿ, "ಅಣ್ಣಾ, ಕೆಲಸ ಹೋಗ್ತೈತಣ್ಣಾ" ಅಂದಳು. ಅವಳ ಕಣ್ಣು ತುಂಬಿತ್ತು. ನನಗೆ ನಾಚಿಕೆಯಾಯಿತು. ಇಳಿದು ಹೋಗಿ ಹಿಂದಿಯಲ್ಲಿ ಎಲ್ಲ ಬಿಡಿಸಿ ಹೇಳಿದೆ. ನಾಯಕನಹಟ್ಟಿಯ ದೇವರು ತಿಪ್ಪೇಸ್ವಾಮಿ, ಆ ದೇವರ ಮೇಲಿನ ಭಕ್ತಿಗೆ ಇಲ್ಲಿ ಮನೆಗೊಬ್ಬನಿಗೆ ಆ ಹೆಸರಿಡುತ್ತಾರೆ ಅಂದೆ.

ಅವನು ನಂಬಲಿಲ್ಲ. ಮೂರು ಗಂಡಂದಿರಿಗೂ ಒಂದೇ ಹೆಸರು ಹೇಗೆ ಸಾಧ್ಯ ಅಂತ ಕೇಳಿದ.

"ಸಾಬ್, ರಸ್ತೆ ಕಡೆ ತಿರುಗಿ ಒಂದು ಸಲ ಕೂಗಿ ನೋಡಿ" ಅಂದೆ.

ಅವನು ಅನುಮಾನದಲ್ಲೇ ಗೇಟಿನ ಹೊರಗೆ ಹೋಗಿ, ಮೀಸೆ ನೀವಿಕೊಂಡು, "ತಿಪ್ಪೇಸ್ವಾಮಿ" ಅಂತ ಕೂಗಿದ. ನೀರಿನ ಟ್ಯಾಂಕರಿನವನು ಬ್ರೇಕ್ ಹಾಕಿದ. ಕುರಿ ಹೊಡೆದುಕೊಂಡು ಹೋಗುತ್ತಿದ್ದವನು "ಯಾರದು?" ಅಂದ. ಟ್ರ್ಯಾಕ್ಟರಿನ ಮೇಲಿದ್ದ ಅಪ್ಪ ಮಗ ಇಬ್ಬರೂ ತಿರುಗಿ ನೋಡಿದರು. ಕಾವಲುಗಾರನ ಹಿಂದೆಯೇ, ಆಫೀಸಿನ ಒಳಗಿಂದ, ಪಾಸಿಗೆ ಸೀಲು ಒತ್ತುವವನು ಓಡಿಬಂದ. "ಕರೆದ್ರಾ ಸಾರ್?"

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಮೂರೂ ಪಾಸು ಕೈಗೆ ಬಂದವು. ಮೂವರು ತಿಪ್ಪೇಸ್ವಾಮಿಗಳ ಮೇಲೆ ಸೀಲು ಒತ್ತಿದ್ದು ಇನ್ನೊಬ್ಬ ತಿಪ್ಪೇಸ್ವಾಮಿ. ಗೆಳೆಯನ ಹೆಂಡತಿ ಪಾಸನ್ನು ಕಣ್ಣಿಗೊತ್ತಿಕೊಂಡಳು. ಕಾವಲುಗಾರ ನಗುತ್ತಾ ನನ್ನ ಕೈ ಕುಲುಕಿ, ಹೆಸರು ಕೇಳಲು ಬಾಯಿ ತೆರೆದು, ಯಾಕೋ ಹೆದರಿ ಮುಚ್ಚಿಕೊಂಡ.

ಮಾರನೇ ದಿನ ಟೀ ಅಂಗಡಿಗೆ ಇನ್ನೊಬ್ಬ ಹೊಸಬ ಬಂದು ಏನೋ ಕೇಳಿದ. ಕೇರಳದ ಕಡೆಯವನೇ. ಗೆಳೆಯ ಫೋನು ತೆಗೆದ. ಅದನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ, ಫೋನನ್ನು ಸಕ್ಕರೆ ಡಬ್ಬದ ಹಿಂದೆ ಇಟ್ಟ. ಆಮೇಲೆ ಬಜಾರಿಗೆಲ್ಲ ಕೇಳುವ ಹಾಗೆ ಹೇಳಿದ, "ಸಾಬ್ರನ್ನ ಕರೀರಿ."

ನನಗೆ ಮಲಯಾಳಂ ಒಂದಕ್ಷರವೂ ಬರುವುದಿಲ್ಲ. ಕೈಯ ಗ್ರೀಸ್ ಒರೆಸಿಕೊಂಡು ಗಂಭೀರವಾಗಿ ಹೋದೆ.