ಹಿಮದ ಸ್ಕೂಟರಿನ ಕೆಂಪು ಗುಂಡಿ

ಮರಳುಗಾಡಿನಲ್ಲಿ ಕೂತು ಹಿಮದ ಗಾಡಿ ರಿಪೇರಿ ಮಾಡುವವನ ಬಾಳಿನಲ್ಲಿ ಯಾವುದೂ ನೆಟ್ಟಗೆ ನಡೆಯುವುದಿಲ್ಲ, ಇದನ್ನು ನನ್ನಿಂದ ಬರೆಸಿಕೊಳ್ಳಿ. ದುಬೈಯ ಒಂದು ಒಳಾಂಗಣ ಹಿಮದ ಪಾರ್ಕಿನಲ್ಲಿ ನಾನು ಮೆಕ್ಯಾನಿಕ್. ಹೊರಗೆ ಚಪ್ಪಲಿ ಕರಗುವ ಬಿಸಿಲು, ಒಳಗೆ ಮೂಗು ಮರಗಟ್ಟುವ ಚಳಿ. ಆಗಸ್ಟ್ ತಿಂಗಳ ಮಧ್ಯಾಹ್ನ ಅಲ್ ಬರ್ಷಾದಲ್ಲಿ ಮೆಟ್ರೋ ಇಳಿಯುವಾಗ ಕಂಕುಳಲ್ಲಿ ದಪ್ಪ ಜಾಕೆಟ್ಟು, ಕೈಯಲ್ಲಿ ಉಲ್ಲನ್ ಟೋಪಿ. ಜನ ನನ್ನಿಂದ ಸ್ವಲ್ಪ ಸರಿದೇ ನಡೆಯುತ್ತಾರೆ. ಅವರ ತಪ್ಪೇನೂ ಇಲ್ಲ ಬಿಡಿ.

೧. ಹುಡುಗ ಏನು ಮಾಡ್ತಾನೆ?

ಮದುವೆ ಮಾತುಕತೆಯ ಕಾಲದಲ್ಲಿ ಹುಡುಗಿಯ ಅಪ್ಪ ಮೈಸೂರಿನಿಂದ ಫೋನ್ ಮಾಡಿದರು.

"ದುಬೈಯಲ್ಲಿ ಏನಪ್ಪಾ ಕೆಲಸ?"

"ಹಿಮದ ಮೇಲೆ ಓಡೋ ಸ್ಕೂಟರ್ ರಿಪೇರಿ ಮಾಡ್ತೀನಿ ಸಾರ್."

"ಎಲ್ಲಿ ಅಂದ್ರಿ?" ಎಂದರು.

"ದುಬೈಯಲ್ಲಿ ಸಾರ್."

ಫೋನ್ ಕಟ್ಟಾಯಿತು. ಸ್ವಲ್ಪ ಹೊತ್ತಿಗೆ ಮಧ್ಯಸ್ಥಿಕೆ ವಹಿಸಿದ್ದ ನಮ್ಮ ಚಿಕ್ಕಪ್ಪನ ಫೋನು. "ಏನೋ ಹೇಳಿದೆ ಅವರಿಗೆ? ಹುಡುಗ ಬೆಳಿಗ್ಗೆನೇ ಕುಡೀತಾನಾ ಅಂತ ಕೇಳ್ತಿದಾರೆ!"

ಕೊನೆಗೆ ಚಿಕ್ಕಪ್ಪನೇ "ಹುಡುಗ ಎ.ಸಿ. ಮೆಕ್ಯಾನಿಕ್, ತಂಪು ಮಾಡೋ ಕೆಲಸ" ಎಂದು ಹೇಳಿ ಮದುವೆ ಮಾಡಿಸಿದ. ಈಗಲೂ ರಜೆಗೆ ಊರಿಗೆ ಹೋದರೆ ಮಾವನವರು ಕಾಫಿ ಕೊಡುವ ಮೊದಲು ಫ್ರಿಜ್ ಬಿಚ್ಚಿಸುತ್ತಾರೆ.

೨. ಹೆಬ್ಬೆರಳಿನ ಕಾಟ

ನಮ್ಮ ಹಿಮದ ಸ್ಕೂಟರಿಗೆ ಮುಂದೆ ಚಕ್ರದ ಬದಲು ಜಾರುವ ಎರಡು ಸ್ಕೀ ಹಲಗೆ, ಹಿಂದೆ ಒಂದು ಅಗಲವಾದ ರಬ್ಬರ್ ಪಟ್ಟಿ. ಹಿಮದ ಇಳಿಜಾರಿನಲ್ಲಿ ಬಿದ್ದು ಕಾಲು ಉಳುಕಿಸಿಕೊಂಡವರನ್ನು ಎತ್ತಿ ತರುವುದು ಅದರ ಕೆಲಸ. ಬಲಗಡೆ ಹ್ಯಾಂಡಲ್ ಮೇಲೆ ಹೆಬ್ಬೆರಳಿನಿಂದ ಒತ್ತುವ ಆಕ್ಸಿಲರೇಟರ್. ಅದಕ್ಕೆ ಅಂಟಿಕೊಂಡೇ ಒಂದು ಕೆಂಪು ಗುಂಡಿ, ಅದೇ ಕಿಲ್ ಸ್ವಿಚ್. ಅಪಾಯವಾದಾಗ ಒತ್ತಿದರೆ ಎಂಜಿನ್ ತಕ್ಷಣ ಬಂದ್.

ನಮ್ಮ ಡ್ರೈವರ್ ಬಂಟ್ವಾಳದವನು, ಮೊದಲು ಮಂಗಳೂರಿನಲ್ಲಿ ಬಸ್ಸು ಓಡಿಸುತ್ತಿದ್ದವನು. ಚಳಿಗೆ ಅವನು ಹಾಕುವ ಕೈಗವಸು ದಿಂಬಿನಷ್ಟು ದಪ್ಪ. ಆಕ್ಸಿಲರೇಟರ್ ಒತ್ತಲು ಹೋದರೆ ಕೆಂಪು ಗುಂಡಿಯೂ ಒತ್ತಿಹೋಗಿ ಗಾಡಿ ಇಳಿಜಾರಿನ ನಟ್ಟನಡುವೆ ನಿಲ್ಲುತ್ತಿತ್ತು. ಒಂದು ದಿನ ಕಾಲು ಉಳುಕಿದ ಒಬ್ಬ ಗಿರಾಕಿಯನ್ನು ತರುವಾಗ ಹೀಗೇ ಆಯಿತು. ಕಾದು ಕಾದು ಬೇಸತ್ತ ಗಿರಾಕಿ ಎದ್ದು ಕುಂಟುತ್ತಾ ತಾನೇ ನಡೆದು ಬಂದ. ಹಿಂದಿನಿಂದ ಡ್ರೈವರ್ ಗಾಡಿ ತಳ್ಳಿಕೊಂಡು ಬಂದ. ನೋಡುತ್ತಿದ್ದ ಮಕ್ಕಳು ಇದೂ ಟಿಕೆಟ್ಟಿನಲ್ಲಿ ಸೇರಿದೆ ಎಂದುಕೊಂಡು ಚಪ್ಪಾಳೆ ತಟ್ಟಿದವು.

ನಮ್ಮ ಮ್ಯಾನೇಜರು ಈಜಿಪ್ಟಿನವರು. ಚಪ್ಪಾಳೆ ತಟ್ಟಲಿಲ್ಲ. ನನ್ನನ್ನು ಕರೆದು, "ಸುರಕ್ಷತಾ ಇನ್ಸ್‌ಪೆಕ್ಟರ್ ಬರುವ ದಿನ ಹತ್ತಿರವಾಗಿದೆ. ಈ ಗಾಡಿ ಇನ್ನೊಮ್ಮೆ ತಾನಾಗಿ ನಿಂತರೆ ಖಲಾಸ್! ನೀನು ಮದೀನತ್ ಜಾಯೆದ್‌ಗೆ ಹೋಗುತ್ತೀಯ" ಎಂದರು. ಅಲ್ಲಿ, ದೂರದ ಮರಳಿನ ನಡುವೆ, ಕಂಪನಿಯ ಜನರೇಟರ್ ಯಾರ್ಡು ಇದೆ. ಹೆಂಡತಿಗೆ ಆಗಷ್ಟೇ ವೀಸಾ ಆಗಿ, ಅಲ್ ಬರ್ಷಾದಲ್ಲಿ ಮನೆ ಮಾಡಿ, ಪಕ್ಕದ ಶಾಲೆಯಲ್ಲಿ ಅವಳಿಗೆ ಕೆಲಸವೂ ಸಿಕ್ಕಿತ್ತು.

ರಾತ್ರಿ ಊಟಕ್ಕೆ ಕೂತು ಅವಳಿಗೆ ಹೇಳಿದೆ. ಅವಳು ಅನ್ನ ಬಡಿಸುತ್ತಲೇ, "ರೀ, ಒಂದು ಗುಂಡಿ ಎತ್ತಿ ಪಕ್ಕಕ್ಕಿಡೋಕೆ ಬರಲ್ವಾ? ನಮ್ಮಪ್ಪನ ಫ್ರಿಜ್ ಪೂರ್ತಿ ಬಿಚ್ಚಿ ಹಾಕ್ತೀರಿ!" ಎಂದಳು.

೩. ಎಡಗಡೆಗೆ

ಮಾರನೆಯ ದಿನವೇ ಮ್ಯಾನೇಜರ ಒಪ್ಪಿಗೆ ಪಡೆದು ಗುಂಡಿಯನ್ನು ಎಡಗಡೆ ಹ್ಯಾಂಡಲ್ಲಿಗೆ ಸಾಗಿಸಿದೆ. ವರ್ಕ್‌ಶಾಪಿನಲ್ಲಿ ನನ್ನ ಜೊತೆಗಿರುವುದು ಉಳ್ಳಾಲದ ಬ್ಯಾರಿ ಕಾಕ, ನನಗಿಂತ ಹಿರಿಯರು. ಅವರು ಸುತ್ತ ನೋಡಿ, "ಎಡಗಡೆ ಬ್ರೇಕ್ ಉಂಟಲ್ಲ ಮಾರಾಯ?" ಎಂದರು.

"ಇರಲಿ ಕಾಕ, ಬ್ರೇಕು ಬೇರೆ, ಇದು ಬೇರೆ" ಎಂದೆ, ಭಾರೀ ತಿಳಿದವನ ಹಾಗೆ.

ಡ್ರೈವರ್ ಒಂದು ಸುತ್ತು ಹೋಗಿ ಬ್ರೇಕ್ ಹಿಡಿದ. ಕೈಗವಸು ಗುಂಡಿಗೆ ತಾಗಿ ಎಂಜಿನ್ನೂ ನಿಂತಿತು. ಮತ್ತೆ ಸ್ಟಾರ್ಟ್ ಮಾಡಿದ, ಬ್ರೇಕ್ ಹಿಡಿದ, ಮತ್ತೆ ನಿಂತಿತು. ನಾನು ತಲೆ ಮೇಲೆ ಕೈ ಹೊತ್ತು ನಿಂತಿದ್ದರೆ ಅವನು ಮಾತ್ರ ಖುಷಿಯಾಗಿ ಬಂದ.

"ಭಾರೀ ಲಾಯ್ಕ ಆಗಿದೆ ಸಾರ್! ನಮ್ಮ ಬಸ್ಸಿಗೆ ಬ್ರೇಕ್ ಹಿಡಿದ್ರೆ ನಿಲ್ತಾನೇ ಇರ್ಲಿಲ್ಲ. ಇದು ಪೂರಾ ನಿಲ್ತದೆ!"

೪. ಹಾರ್ನಿನ ಪಕ್ಕಕ್ಕೆ

ಮುಂದಿನ ಪ್ರಯೋಗ ಡ್ಯಾಶ್‌ಬೋರ್ಡಿನ ನಡುಭಾಗದಲ್ಲಿ. ಅಲ್ಲಿ ಪಾರ್ಕಿನವರು ಹಾಕಿಸಿದ ಹಾರ್ನಿನ ಗುಂಡಿ ಇತ್ತು. ಪಕ್ಕದಲ್ಲೇ ಕಿಲ್ ಸ್ವಿಚ್ ಕೂರಿಸಿದೆ. ಕೈಗವಸು ಅಲ್ಲಿಗೆ ಎಟುಕುವುದಿಲ್ಲ, ಬ್ರೇಕೂ ಹತ್ತಿರವಿಲ್ಲ. ಈ ಸಲ ಗೆದ್ದೆ ಎಂದುಕೊಂಡೆ.

ಆದರೆ ಡ್ರೈವರ್ ಮಂಗಳೂರಿನ ಬಸ್ಸಿನವನು ಎಂಬುದನ್ನು ಮರೆತಿದ್ದೆ. ಆ ಮನುಷ್ಯ ಎದುರಿಗೆ ಯಾರೂ ಇಲ್ಲದಿದ್ದರೂ ಹಾರ್ನ್ ಹೊಡೆಯುತ್ತಾನೆ. ತಿರುವಿಗೊಂದು, ನೇರ ದಾರಿಗೊಂದು, ಗುರುತಿನವರು ಕಂಡರೆ ಎರಡು. ದಪ್ಪ ಕೈಗವಸಿನಲ್ಲಿ ಅಂಗೈ ಪೂರ್ತಿ ಊರುವುದರಿಂದ ಹಾರ್ನಿನ ಜೊತೆ ಎಂಜಿನ್ನಿನ ಕಥೆಯೂ ಮುಗಿಯುತ್ತಿತ್ತು.

"ದಯವಿಟ್ಟು ಹಾರ್ನ್ ಮುಟ್ಟಬೇಡ ಮಾರಾಯ. ನನ್ನ ಸಂಸಾರ ಮರಳಿಗೆ ಬೀಳುತ್ತೆ" ಎಂದು ಕೈಮುಗಿದೆ.

ಅವನಿಗೆ ನಿಜವಾಗಿಯೂ ನೋವಾಯಿತು. "ಎಂಜಿನ್ ಇಲ್ಲದೆ ಬೇಕಾದ್ರೆ ಹೋಗ್ಬಹುದು ಸಾರ್, ಇಳಿಜಾರು ಅಲ್ವಾ. ಹಾರ್ನ್ ಇಲ್ಲದೆ ಹೋಗುದು ಹೇಗೆ?"

ಅಂದಿನಿಂದ ಗಾಡಿಯ ಹಾರ್ನ್ ಮುಟ್ಟದೆ ಬಾಯಲ್ಲೇ "ಪೋಂ ಪೋಂ" ಎನ್ನುತ್ತಾ ಓಡಿಸಿದ. ಮಕ್ಕಳು ಮತ್ತೆ ಚಪ್ಪಾಳೆ ತಟ್ಟಿದವು.

೫. ಇನ್ಸ್‌ಪೆಕ್ಟರ್ ಬಂದರು

ಕೊನೆಗೆ ಗುಂಡಿಯನ್ನು ಡ್ಯಾಶ್‌ಬೋರ್ಡಿನ ಬಲತುದಿಗೆ ಸಾಗಿಸಿ, ಪಿ.ವಿ.ಸಿ. ಪೈಪಿನ ಒಂದು ಬಳೆ ಕತ್ತರಿಸಿ ಅದರ ಸುತ್ತ ಕೂರಿಸಿದೆ. ಈಗ ಬೆರಳು ಒಳಗೆ ಹಾಕಿಯೇ ಒತ್ತಬೇಕು, ಕೈಗವಸು ತಾಗುವ ಮಾತೇ ಇಲ್ಲ. ಗಾಡಿ ಒಂದು ವಾರ ತಕರಾರಿಲ್ಲದೆ ಓಡಿತು.

ಇನ್ಸ್‌ಪೆಕ್ಟರ್ ಬರುವುದು ಆಯುಧಪೂಜೆಯ ಮಾರನೆಯ ದಿನ ಎಂದು ಗೊತ್ತಾಯಿತು. ಇಷ್ಟು ಕಾಡಿದ ಗಾಡಿಗೆ ಪೂಜೆ ಮಾಡದೆ ಬಿಡುವುದುಂಟೇ? ಬ್ಯಾರಿ ಕಾಕ ತಾವೇ ಬರ್ ದುಬೈಗೆ ಹೋಗಿ ಸೇವಂತಿಗೆ ಹಾರ, ನಿಂಬೆಹಣ್ಣು, ಪುರಿ, ಕಡ್ಲೆ ತಂದರು. "ನನಗೆ ಪುರಿ-ಕಡ್ಲೆ ಮುಖ್ಯ ಮಾರಾಯ, ಪೂಜೆ ನೀನು ಮಾಡು" ಎಂದರು. ಹ್ಯಾಂಡಲ್ಲಿಗೆ ಹಾರ ಹಾಕಿದೆ. ಕುಂಕುಮವನ್ನು ನೀರಿನಲ್ಲಿ ಕಲಸಿ ಎಲ್ಲ ಕಡೆ ಬೊಟ್ಟಿಟ್ಟೆ. ಕಿಲ್ ಸ್ವಿಚ್ಚಿಗೆ ಮಾತ್ರ ಭಕ್ತಿಯಿಂದ ಎರಡು ಬೆರಳು ಹೆಚ್ಚಾಗಿಯೇ ಬಳಿದೆ. ಸ್ಕೀ ಕೆಳಗೆ ನಿಂಬೆಹಣ್ಣಿಟ್ಟು ಗಾಡಿ ಹತ್ತಿಸಿದರೆ ಆ ಚಳಿಗೆ ಅದು ಕಲ್ಲಾಗಿತ್ತು, ಜಜ್ಜಲೇ ಇಲ್ಲ. ಹಾಗೇ ಬಿಟ್ಟು, ಕೀ ತಿರುಗಿಸಿ ಎಂಜಿನ್ ಆರಿಸಿ ಮನೆಗೆ ಹೋದೆವು.

ಬೆಳಿಗ್ಗೆ ನಾವು ಹಾರ ತೆಗೆಯುವ ಮೊದಲೇ ಮ್ಯಾನೇಜರು ಇನ್ಸ್‌ಪೆಕ್ಟರನ್ನು ಕರೆತಂದುಬಿಟ್ಟರು. ಮಂಕಿ ಕ್ಯಾಪಿನೊಳಗಿಂದ ಎರಡು ಕಣ್ಣು ಮಾತ್ರ ಕಾಣುವ ಮನುಷ್ಯ. ಮಾತೆಲ್ಲ ಇಂಗ್ಲಿಷಿನಲ್ಲಿ.

"ಈ ಹೂವು ಯಾಕೆ?"

"ಮಂಜು ಕವಿದಾಗ ಗಾಡಿ ಎದ್ದು ಕಾಣಲಿ ಎಂದು ಸಾರ್."

"ಈ ಕೆಂಪು?"

"ಮುಖ್ಯವಾದ ಭಾಗಗಳ ಗುರುತು ಸಾರ್."

"ಕೆಳಗೆ ನಿಂಬೆಹಣ್ಣು?"

"ಗಾಡಿ ಜಾರದಿರಲಿ ಎಂದು ಅಡ್ಡ ಇಟ್ಟದ್ದು ಸಾರ್."

ಮ್ಯಾನೇಜರು ಎಲ್ಲವನ್ನೂ ನಂಬಿ ಹೆಮ್ಮೆಯಿಂದ ತಲೆ ಆಡಿಸಿದರು. ಇನ್ಸ್‌ಪೆಕ್ಟರ್ ಏನೂ ಹೇಳಲಿಲ್ಲ. ಡ್ರೈವರ್ ಗಾಡಿ ಓಡಿಸಿ ತಂದು ನಮ್ಮೆದುರು ನಿಲ್ಲಿಸಿದ. ಎಂಜಿನ್ ಗುರ್ರೆನ್ನುತ್ತಿತ್ತು.

"ಈಗ ಕಿಲ್ ಸ್ವಿಚ್ ಒತ್ತು" ಎಂದರು ಇನ್ಸ್‌ಪೆಕ್ಟರ್.

ಡ್ರೈವರ್ ಒತ್ತಿದ. ಎಂಜಿನ್ ನಿಲ್ಲಲಿಲ್ಲ. ಇನ್ನೂ ಬಲವಾಗಿ ಒತ್ತಿದ. ನಾನು ಒತ್ತಿದೆ, ಮ್ಯಾನೇಜರು ಒತ್ತಿದರು. ಬಳೆಯೊಳಗೆ ಬಟ್ಟಲಿನಲ್ಲಿ ತುಂಬಿದ ಹಾಗೆ ನಿಂತಿದ್ದ ಕುಂಕುಮದ ನೀರು ರಾತ್ರಿ ಹೆಪ್ಪುಗಟ್ಟಿ ಗುಂಡಿ ಅಲ್ಲಾಡದಂತೆ ಹಿಡಿದುಕೊಂಡಿತ್ತು! ಬೇಡಬೇಡವೆಂದರೂ ಮತ್ತೆ ಮತ್ತೆ ನಿಂತ ಗಾಡಿ, ನಿಲ್ಲಲೇಬೇಕಾದ ದಿನ ನಿಲ್ಲುತ್ತಿಲ್ಲ.

"ಕೀ ತಿರುಗಿಸ್ಲಾ?" ಎಂದರು ಕಾಕ.

"ನೋ ಕೀ. ಸ್ವಿಚ್" ಎಂದಿತು ಮಂಕಿ ಕ್ಯಾಪು.

ಮ್ಯಾನೇಜರು ನನ್ನ ಕಡೆ ತಿರುಗಿ, "ಮದೀನತ್ ಜಾಯೆದ್!" ಎಂದು ಗುಡುಗಿದರು.

"ಸರ್, ಗಾಡಿ ನಿಂತರೆ ಕಳಿಸ್ತೀನಿ ಅಂದಿದ್ರಿ. ಇದು ನಿಲ್ತಾನೇ ಇಲ್ವಲ್ಲ!" ಎಂದೆ. ಭಯಕ್ಕೆ ಬಾಯಿಂದ ಏನು ಬರುತ್ತಿದೆ ಎಂದೇ ತಿಳಿಯಲಿಲ್ಲ.

ಅಷ್ಟರಲ್ಲಿ ಕಾಕ ತಮ್ಮ ಫ್ಲಾಸ್ಕಿನಿಂದ ಬಿಸಿಬಿಸಿ ಸುಲೈಮಾನಿ ಚಾ ತೆಗೆದು ಬಳೆಯೊಳಗೆ ಸುರಿದರು. ಕೆಂಪು ನೀರು ಕರಗಿ ಹರಿಯಿತು. ಬೆರಳು ಹಾಕಿ ಒತ್ತಿದರು, ಎಂಜಿನ್ ಗಪ್‌ಚಿಪ್.

"ಒನ್ಸ್ ಮೋರ್" ಎಂದರು ಇನ್ಸ್‌ಪೆಕ್ಟರ್.

ಕಾಕ ಖಾಲಿ ಫ್ಲಾಸ್ಕು ಬೋರಲು ಹಿಡಿದು ತೋರಿಸಿ, "ಇನ್ನು ಚಾ ಇಲ್ಲ ಮಾರಾಯ್ರೆ, ಕಡ್ಲೆ ಮಾತ್ರ ಉಂಟು" ಎಂದರು, ಕನ್ನಡದಲ್ಲೇ.

ನಾನು ಬನಿಯನ್ ಬಟ್ಟೆಯಿಂದ ಗುಂಡಿಯನ್ನು ತಿಕ್ಕಿ ತಿಕ್ಕಿ ಒರೆಸಿದೆ. ಮತ್ತೆ ಮತ್ತೆ ಸ್ಟಾರ್ಟ್ ಮಾಡಿಸಿ ನೋಡಿದರು. ಪ್ರತಿ ಸಲವೂ ಒಂದೇ ಒತ್ತಿಗೆ ನಿಂತಿತು. ಆಮೇಲೆ ಇನ್ಸ್‌ಪೆಕ್ಟರ್ ಬೆರಳಾಡಿಸಿ ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದರು. ಹೆಂಡತಿಗೆ ಏನು ಹೇಳುವುದು ಎಂದು ಯೋಚಿಸುತ್ತಲೇ ಹೋದೆ.

ಅವರು ಮಂಕಿ ಕ್ಯಾಪ್ ಮೇಲೆತ್ತಿದರು. ಹಣೆಯಲ್ಲಿ ಢಾಳಾದ ಕುಂಕುಮ.

"ಅಲ್ರೀ, ಸ್ವಿಚ್ಚಿಗೆ ಯಾರರ ಹಸಿ ಕುಂಕುಮ ಹಚ್ತಾರೇನ್ರೀ? ಒಣಾದು ಹಚ್ಚಬೇಕ್ರಿ" ಎಂದರು, ಅಪ್ಪಟ ಹುಬ್ಬಳ್ಳಿ ಕನ್ನಡದಲ್ಲಿ.

ನಾನು ಕುಂಕುಮ ಹತ್ತಿದ ಬಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿದೆ.

"ಸ್ವಿಚ್ ಈಗ ಛಲೋ ಐತಿ, ಪಾಸ್ ಮಾಡೇನಿ. ಆದ್ರ ಒಂದು ದೊಡ್ಡ ತಪ್ಪು ಉಳದೈತಿ ನೋಡ್ರಿ."

"ಏನು ಸಾರ್?" ಎಂದೆ, ಜೀವ ಕೈಯಲ್ಲಿ ಹಿಡಿದು.

ಅವರು ಗಾಡಿಯ ಸ್ಕೀಗಳ ಕಡೆ ಬೆರಳು ತೋರಿಸಿದರು. "ಸ್ಕೀ ಎರಡು ಅದಾವು, ನಿಂಬಿಹಣ್ಣು ಒಂದ ಇಟ್ಟೀರಿ. ಇದು ಸೇಫ್ಟಿಗೆ ಸಾಲೂದಿಲ್ರೀ!"